ವೇಟ್ ಮಾಡ್ರಿ

ಮೊನ್ನೆ ಹಿರೇಕೆರೂರಿನ ಒಂದು ಬ್ಯಾಂಕಿನಲ್ಲಿ ಕುಳಿತಿದ್ದೆ. ನನಗೆ ಕೆಲಸವಿತ್ತು, ಅವರಿಗೆ ಊಟದ ಹೊತ್ತಾಗಿತ್ತು. ನನ್ನ ಮುಂದಿದ್ದ ಮುದುಕರೊಬ್ಬರು ಕೌಂಟರಿಗೆ ಹೋಗಿ ಏನೋ ಕೇಳಿದರು. ಒಳಗಿನ ಹುಡುಗಿ ತಲೆ ಎತ್ತದೆ, "ಅಜ್ಜಾರ, ಸ್ವಲ್ಪ ವೇಟ್ ಮಾಡ್ರಿ" ಎಂದಳು.

"ಮಾಡೋಣಂತವಾ. ಅದಕ್ಕ ಏನೇನ್ ಮಾಡಬೇಕಾಗತೈತಿ?"

"ಏನೂ ಮಾಡಬ್ಯಾಡ್ರಿ. ಸುಮ್ನ ಕುಂದರ್ರಿ."

"ಮುಂಜಾನಿಂದ ಅದನ್ನ ಮಾಡಾಕತ್ತೇನಲ್ಲವಾ" ಎಂದು ಅಜ್ಜ ಬಂದು ನನ್ನ ಪಕ್ಕದಲ್ಲಿ ಕುಳಿತು, ಟಾವೆಲಿನಿಂದ ಮುಖ ಒರೆಸಿಕೊಂಡರು. "ನೀವ್ ಏನ್ ಮಾಡಾಕತ್ತೀರಿ?" ಎಂದು ನನ್ನನ್ನು ಕೇಳಿದರು. "ವೇಟ್ ಮಾಡಾಕತ್ತೇನಿ" ಎಂದೆ. "ಎಷ್ಟ್ ವರ್ಷಾತು?" ಎಂದರು.

ನಾನು ಹಿರೇಕೆರೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವವನು. ಇಂಗ್ಲಿಷಿನ ಯಾವ ಮಾತಿನಿಂದ ಯಾರಿಗೆ ತೊಂದರೆಯಾದರೂ ಅದಕ್ಕೆ ನಾನೇ ಹೊಣೆ ಎಂಬ ಅಂಜಿಕೆ ನನಗಿದೆ. ಆ ಸಂಜೆ ಮನೆಗೆ ಬಂದು ದಪ್ಪ ನಿಘಂಟನ್ನು ತೆಗೆದೆ. ಬೇಸರವಾದರೆ ಕೆಲವರು ಎಲೆ ಅಡಿಕೆ ಹಾಕುತ್ತಾರೆ, ನಾನು ಶಬ್ದದ ಹುಟ್ಟು ಹುಡುಕುತ್ತೇನೆ. ಇದರಿಂದ ಹಲ್ಲು ಕೆಂಪಾಗುವುದಿಲ್ಲ. ಬೇರೆ ಲಾಭವೂ ಇಲ್ಲ.

ವೇಟ್ ಎಂಬುದು ಇಂಗ್ಲಿಷರ ಸ್ವಂತ ಆಸ್ತಿಯಲ್ಲವಂತೆ. ಉತ್ತರ ಫ್ರಾನ್ಸಿನ ಹಳೆಯ ಆಡುಮಾತಿನಿಂದ ಬಂದದ್ದು, ಅಲ್ಲಿಗೆ ಜರ್ಮನ್ ಮೂಲದ ಮಂದಿಯ ಬಾಯಿಂದ ಬಂದದ್ದು. ಎದ್ದಿರುವ ವೇಕ್, ನೋಡುವ ವಾಚ್ ಇವೆಲ್ಲ ಅದರ ದಾಯಾದಿಗಳು. ಮೊದಮೊದಲು ವೇಟ್ ಎಂದರೆ ಕಣ್ಣು ಬಿಟ್ಟುಕೊಂಡು ಪಹರೆ ಮಾಡುವುದು. ವೈರಿ ಬರುವ ಹಾದಿಯಲ್ಲಿ ಹೊಂಚು ಹಾಕಿ ಕೂಡುವುದಕ್ಕೂ ಅದೇ ಮಾತು. ಆಮೇಲೆ ದೊಡ್ಡವರ ಸೇವೆಗೆ ಕೈಕಟ್ಟಿ ನಿಲ್ಲುವುದು ಎಂದಾಯಿತು. ಹೀಗೆ ಇಳಿಯುತ್ತ ಇಳಿಯುತ್ತ ಹಿರೇಕೆರೂರಿನ ಬ್ಯಾಂಕಿನ ಕುರ್ಚಿಗೆ ಬಂದು ಕುಳಿತಿದೆ. ಹೋಟೆಲಿನ ವೇಟರ್ ಎಂಬ ಪದವೂ ಇದೇ ಮನೆತನದ್ದು. ಗಿರಾಕಿಗೆ ಏನು ಬೇಕೆಂದು ಕಣ್ಣಿಟ್ಟು ಕಾಯುವವನು ವೇಟರ್. ನಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಆ ಕೆಲಸವನ್ನು ಗಿರಾಕಿಗಳೇ ಮಾಡುತ್ತೇವೆ.

ಇಷ್ಟು ದೂರ ಹೋಗಿ ಹುಡುಕಬೇಕಾದದ್ದೇನಿರಲಿಲ್ಲ. ನಾವು ಹೊಲವನ್ನೂ ಕಾಯುತ್ತೇವೆ, ದನವನ್ನೂ ಕಾಯುತ್ತೇವೆ, ಬಸ್ಸನ್ನೂ ಕಾಯುತ್ತೇವೆ. ನನಗೆ ಈ ವಿದ್ಯೆಯನ್ನು ಮೊದಲು ಕಲಿಸಿದವಳು ನನ್ನ ಅಜ್ಜಿ. ನಮ್ಮೂರು ಚಿಕ್ಕೇರೂರು. ಈಗ ಎತ್ತ ನೋಡಿದರೂ ಗೋವಿನಜೋಳ. ನಾನು ಸಣ್ಣವನಿದ್ದಾಗ ಮನೆಯ ರೊಟ್ಟಿಗೆಂದು ಒಂದು ತುಂಡು ಹೊಲದಲ್ಲಿ ಬಿಳಿಜೋಳ ಹಾಕುತ್ತಿದ್ದರು. ತೆನೆ ಹಾಲುಗಾಳಾದಾಗ ಊರ ಹಕ್ಕಿಗಳಿಗೆಲ್ಲ ಸುದ್ದಿ ಹೋಗುತ್ತಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ. ಅದರ ಮೇಲೆ ಅಜ್ಜಿ, ಅವಳ ಕೈಯಲ್ಲಿ ಕಲ್ಲು ಬೀಸುವ ಕವಣೆ. ಒಂದು ದಿನ ಅವಳು ಬುತ್ತಿ ಬಿಚ್ಚಿ ಊಟಕ್ಕೆ ಕುಳಿತು, "ನೀ ಒಂದಿಷ್ಟ್ ಹಕ್ಕಿ ಕಾಯಿ" ಎಂದಳು. ನಾನು ಕಾದೆ. ಕಣ್ಣು ಪಿಳುಕಿಸದೆ ಕಾದೆ. ಗುಬ್ಬಿಗಳು ಬಂದವು, ಕುಳಿತವು, ತಿಂದವು. ನಾನು ನೋಡುತ್ತಲೇ ಇದ್ದೆ.

"ಅಲ್ಲೋ ಮಗನ, ಹಕ್ಕಿ ಕಾಯಿ ಅಂದ್ರ ಹಕ್ಕಿಗೆ ಊಟಕ್ಕ ಬಡಿಸಿದಾಂಗ ನೋಡಾಕತ್ತೀಯಲ್ಲೋ! ಒದರು!"

"ಏನಂತ ಒದರ್ಲಿ?"

"ಅವಕ್ಕೇನ್ ಭಾಷಾ ಬರತೈತಿ? ಏನರ ಒದರು."

ಒದರಿದೆ. ಗುಬ್ಬಿಗಳು ಪಕ್ಕದವರ ಹೊಲಕ್ಕೆ ಹೋದವು. ಪಕ್ಕದವರು ನನಗಿಂತ ಜೋರಾಗಿ ಒದರಿದರು. ಕಾಯುವುದು ಎಂದರೆ ಸುಮ್ಮನೆ ಕೂಡುವುದಲ್ಲ ಎಂದು ಅಂದೇ ತಿಳಿದಿತ್ತು. ಆದರೆ ಇಂಥ ತಿಳಿವಳಿಕೆ ಹೊಲದಲ್ಲೇ ಉಳಿಯುತ್ತದೆ, ಮನುಷ್ಯ ಮಾತ್ರ ಪೇಟೆಗೆ ಬರುತ್ತಾನೆ. ಅದಕ್ಕೇ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು.

ಆ ಕಥೆ ಹೇಳಬೇಕು. ಹಾನಗಲ್ ತಾಲ್ಲೂಕಿನ ಆಡೂರಿನಲ್ಲಿ ಒಂದು ಕನ್ಯೆ ಇದೆ ಎಂದು ಸುದ್ದಿ ತಂದವನು ನನ್ನ ಸೋದರಮಾವ ಫಕ್ಕೀರಪ್ಪ. ಹೆಸರು ಶಿವಲೀಲಾ, ಹಾನಗಲ್ಲಿನ ದನದ ದವಾಖಾನೆಯಲ್ಲಿ ಕೆಲಸ. ದೀಪಾವಳಿ ಮುಗಿದ ಮೇಲೆ ಅಪ್ಪ, ಅವ್ವ, ಮಾವ, ನಾನು ನೋಡಲು ಹೋದೆವು. ಆಡೂರಿನಲ್ಲಿ ಹಳೆಯ ಶಾಸನಗಳಿವೆ, ನೋಡಲು ದೂರದಿಂದ ಮಂದಿ ಬರುತ್ತಾರೆ. ನಾವು ಅವುಗಳ ಕಡೆ ಹೊರಳಿಯೂ ನೋಡದೆ ಸೀದಾ ಹುಡುಗಿಯ ಮನೆಗೆ ಹೋಗಿ ಅವಲಕ್ಕಿ ತಿಂದೆವು.

ಹಿರಿಯರು ಪದ್ಧತಿಯಂತೆ, "ಹುಡುಗಾ ಹುಡುಗಿ ಏನರ ಮಾತಾಡೋದಿದ್ರ ಮಾತಾಡ್ರಿ" ಎಂದು ಹೇಳಿ, ಎಲ್ಲರೂ ಅಲ್ಲೇ ಕುಳಿತು ಕಿವಿಗೊಟ್ಟರು. ನಾನು ಒಂದು ವಾರದಿಂದ ಒಳ್ಳೆಯ ಪ್ರಶ್ನೆಗಳನ್ನು ತಯಾರು ಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಅವಳೇ ಕೇಳಿದಳು.

"ನಿಮ್ಮ ಮನ್ಯಾಗ ದನಾ ಎಷ್ಟ್ ಅದಾವ್ರಿ?"

"ಎರಡ್ ಎಮ್ಮಿ, ಒಂದ್ ಜೋಡಿ ಎತ್ತು."

"ಕಾಲುಬಾಯಿ ಬ್ಯಾನೀದು ಲಸಿಕಿ ಹಾಕಿಸೀರೇನು?"

"ಅಪ್ಪನ್ನ ಕೇಳಬೇಕು."

"ಎಮ್ಮಿ ಹಾಲು ಯಾರ್ ಕುಡೀತೀರಿ?"

"ನಾನೂ ಕುಡೀತೇನಿ."

"ಹಂಗಾರ ನಿಮಗೂ ಗೊತ್ತಿರಬೇಕಲ್ರಿ" ಎಂದಳು. ನಗಲಿಲ್ಲ. ಆದರೆ ನಗುವನ್ನು ತಡೆದುಕೊಂಡವರ ಕೆನ್ನೆ ಹೇಗಿರುತ್ತದೋ ಹಾಗಿತ್ತು ಅವಳ ಕೆನ್ನೆ. ನನ್ನ ಮನಸ್ಸು ಆಡೂರಿನ ಜಮಖಾನೆಯ ಮೇಲೇ ಕುಳಿತುಬಿಟ್ಟಿತು, ಬಸ್ಸಿಗೆ ಬರಲೇ ಇಲ್ಲ. ಮದುವೆಯಾದರೆ ಇವಳನ್ನೇ, ಎಂದುಕೊಂಡೆ. ಇಷ್ಟು ಖಚಿತವಾಗಿ ನಾನು ಜೀವನದಲ್ಲಿ ಬೇರೆ ಏನನ್ನೂ ಅಂದುಕೊಂಡವನಲ್ಲ. ಅಂಗಿ ಕೊಳ್ಳಲಿಕ್ಕೂ ಮೂರು ಅಂಗಡಿ ತಿರುಗುತ್ತೇನೆ.

ಹೊರಡುವಾಗ ಅಪ್ಪ, "ತಿಳಸ್ತೇವ್ರಿ" ಎಂದ. ಹುಡುಗಿಯ ಅಪ್ಪ, "ಆಗ್ಲಿರಿ, ವೇಟ್ ಮಾಡ್ತೇವಿ" ಎಂದರು.

ಮನೆಗೆ ಬಂದು ನಾನು, "ನನಗ ಒಪ್ಪಿಗಿ ಐತಿ" ಎಂದೆ. ಅವ್ವನಿಗೂ ಒಪ್ಪಿಗೆ. ಅಪ್ಪನಿಗೂ ಒಪ್ಪಿಗೆ. ಇನ್ನೇನು, ಅವರಿಗೆ ತಿಳಿಸುವುದೊಂದೇ ಬಾಕಿ ಎಂದು ನೀವು ಅಂದುಕೊಳ್ಳುತ್ತೀರಿ. ನಮ್ಮ ಮನೆತನದ ಪದ್ಧತಿ ಬೇರೆ. ಕನ್ಯೆ ನೋಡಿ ಬಂದ ಮೇಲೆ ಹೆಣ್ಣಿನ ಕಡೆಯವರು ತಾವಾಗಿಯೇ ನಮ್ಮ ಮನೆ ನೋಡಲು ಬರಬೇಕು. ಮನೆ, ಹೊಲ, ನೀರು ನೋಡಿ, ಊಟ ಮಾಡಿ ಹೋದರೆ ಒಪ್ಪಿಗೆ ಎಂದು ಲೆಕ್ಕ. ಬರದಿದ್ದರೆ ಒಲ್ಲೆ ಎಂದು ಲೆಕ್ಕ. ಬಾಯಿಬಿಟ್ಟು ಒಲ್ಲೆ ಎನ್ನುವ ಅನಿಷ್ಟವನ್ನು ಯಾರೂ ಮಾಡಬಾರದೆಂದು ಹಿರಿಯರು ಹೀಗೆ ಇಟ್ಟಿದ್ದಾರೆ.

ಆಡೂರಿನಲ್ಲಿ ಏನು ನಡೆದಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನೀವಾದರೂ ಕಾಯುವುದು ಬೇಡ. ಅವರ ಮನೆತನದ ಪದ್ಧತಿಯಲ್ಲಿ ಗಂಡಿನ ಕಡೆಯವರು, "ಮನಿ ನೋಡಾಕ ಬರ್ರಿ" ಎಂದು ಕರೆ ಕಳಿಸಬೇಕು. ಕರೆಯದ ಮನೆಗೆ ಮನೆ ನೋಡಲು ಹೋದರೆ ಮರ್ಯಾದೆ ಹೋಗುತ್ತದೆ. ಕರೆ ಬರದಿದ್ದರೆ ಒಲ್ಲೆ ಎಂದು ಲೆಕ್ಕ. ಹೀಗೆ ಚಿಕ್ಕೇರೂರಿನಲ್ಲಿ ನಾವು ಅವರು ಬರಲೆಂದು ಕಾದೆವು, ಆಡೂರಿನಲ್ಲಿ ಅವರು ನಾವು ಕರೆಯಲೆಂದು ಕಾದರು. ಎರಡೂ ಮನೆಯವರು ಬಹಳ ಸಂಭಾವಿತರು. ಸಂಕ್ರಮಣ ಹೋಯಿತು, ಶಿವರಾತ್ರಿ ಹೋಯಿತು.

ಫೋನಿರಲಿಲ್ಲವೇ ಎಂದು ಕೇಳುತ್ತೀರಿ. ಮನೆಯಲ್ಲಿ ತಲೆಗೊಂದು ಫೋನಿತ್ತು. ಒಂದು ದಿನ ಅವ್ವ ರೊಟ್ಟಿ ಬಡಿಸುತ್ತ, "ಒಂದ್ ಫೋನ್ ಮಾಡಿದ್ರ ನಿಮ್ಮ ಬಾಯಿ ಸವೀತೈತೇನು?" ಎಂದಳು.

"ನಾವ ಮ್ಯಾಲ್ ಬಿದ್ದು ಹೋದ್ರ, ಹುಡುಗನಾಗ ಏನೋ ಐಬು ಐತಿ ಅಂತಾರ. ನಿನಗ ತಿಳಿಯಾಂಗಿಲ್ಲ, ಸುಮ್ನಿರು" ಎಂದ ಅಪ್ಪ.

"ಐಬು ಇರೋದ ಹುಡುಗನಾಗಲ್ಲ" ಎಂದು ಅವ್ವ ಒಳಗೆ ಹೋದಳು.

ಸಂಬಂಧ ತಂದು ನಡುವೆ ನಿಂತಿದ್ದ ಫಕ್ಕೀರಪ್ಪ ಮಾವನನ್ನು ನಾನೇ ಹೋಗಿ ಹಿಡಿದೆ. ಅವನದು ಇನ್ನೊಂದು ಶಾಸ್ತ್ರ. ನಡುವಿನವನು ಕೇಳಿದರೆ ಮಾತ್ರ ಹೇಳಬೇಕು, ತಾನಾಗಿ ಬಾಯಿ ಬಿಡಬಾರದು. "ಅವರು ಕೇಳಿದ್ರ ನಾ ಹೇಳಾಂವ, ನಿಮ್ಮಪ್ಪ ಕೇಳಿದ್ರ ನಾ ಹೇಳಾಂವ. ಯಾರೂ ಕೇಳವಲ್ರು" ಎಂದ. "ನಾ ಕೇಳಾಕತ್ತೇನಲ್ಲ ಮಾವಾ" ಎಂದೆ. "ನೀ ವರಾ. ನಿನಗ ಕೇಳೋ ಹಕ್ಕಿಲ್ಲ" ಎಂದು ಹೇಳಿ, ಸಮಾಧಾನಕ್ಕೆ ಒಂದು ಸುದ್ದಿಯನ್ನೂ ಹೇಳಿದ. ಬಂಕಾಪುರದ ಕಡೆಯ ಯಾರೋ ಹೋಗಿ ಶಿವಲೀಲಾಳನ್ನು ನೋಡಿ ಬಂದಿದ್ದಾರಂತೆ. ಹುಡುಗನಿಗೆ ಸರ್ಕಾರಿ ನೌಕರಿಯಂತೆ.

ಅವಳ ನಂಬರು ನನ್ನ ಫೋನಿನಲ್ಲಿತ್ತು, ಮಾವ ಕಳಿಸಿದ ಪರಿಚಯದ ಚೀಟಿಯಲ್ಲಿ ಬಂದದ್ದು. ವಾಟ್ಸಾಪಿನಲ್ಲಿ ಅವಳ ಫೋಟೋ ಇರಲಿಲ್ಲ. ಒಂದು ಎಮ್ಮೆಗರುವಿನದಿತ್ತು. ದಿನಾ ಆ ಕರುವಿನ ಮುಖ ನೋಡುತ್ತಿದ್ದೆ. ಅದು ಆನ್‌ಲೈನ್ ಇದೆ ಎಂದು ಬಂದರೆ ಎದೆ ಬಡಿದುಕೊಳ್ಳುತ್ತಿತ್ತು. 'ನಮಸ್ಕಾರ' ಎಂದು ಒತ್ತಿ ಅಳಿಸಿದೆ. 'ಆರಾಮ ಅದೀರಾ' ಎಂದು ಒತ್ತಿ ಅಳಿಸಿದೆ. 'ಲಸಿಕೆ ಹಾಕಿಸಿದೆವು' ಎಂದು ಒತ್ತಿ, ಹಾಕಿಸಿರಲಿಲ್ಲವಾದ್ದರಿಂದ ಅಳಿಸಿದೆ.

ಅದೇ ದಿನಗಳಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಶಿಗ್ಗಾವಿಯ ಕಡೆ ಗೊಟಗೋಡಿಯ ಶಿಲ್ಪವನಕ್ಕೆ ಹೋಗಿದ್ದೆ. ಅಲ್ಲಿ ಹಳ್ಳಿಯ ಮಂದಿಯನ್ನೆಲ್ಲ ಜೀವಂತ ಇದ್ದಂತೆಯೇ ಮಾಡಿ ಕೂಡಿಸಿದ್ದಾರೆ. ಕಟ್ಟೆಯ ಮೇಲೆ ಕುಳಿತ ಒಬ್ಬನ ಪಕ್ಕದಲ್ಲಿ ನಾನೂ ಗಲ್ಲಕ್ಕೆ ಕೈಕೊಟ್ಟು ಕುಳಿತೆ. ಬೇರೆ ಶಾಲೆಯ ಮಕ್ಕಳು ಬಂದು ನಮ್ಮಿಬ್ಬರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವರಲ್ಲೊಬ್ಬಳು ನನ್ನನ್ನು ಮುಟ್ಟಿ ನೋಡಿ ಚೀರಿದಳು. ಅವರ ಮಾಸ್ತರು ಬಂದು ನನ್ನಲ್ಲಿ ಕ್ಷಮೆ ಕೇಳಿದರು. ಆ ಫೋಟೋ ಎಲ್ಲೆಲ್ಲಿಗೆ ಹೋಗಿದೆಯೋ ನನಗೆ ತಿಳಿಯದು.

ಯುಗಾದಿ ಹತ್ತಿರ ಬಂದಾಗ ಸವಣೂರಿನಿಂದ ಇನ್ನೊಂದು ಸಂಬಂಧ ಬಂತು. ಅವರು ನಮ್ಮ ಪದ್ಧತಿಯವರೇ, ಕರೆಯದೆಯೇ ಬಂದು ಮನೆ ನೋಡಿ, ಸವಣೂರಿನ ವೀಳ್ಯದೆಲೆಯ ಕಟ್ಟನ್ನೇ ಕೊಟ್ಟು ಹೋದರು. ಅಪ್ಪನ ಮನಸ್ಸು ಅತ್ತ ವಾಲಿತು. "ಆಡೂರವರದು ಮುಗೀತು, ಇನ್ನ ಎಷ್ಟಂತ ಕಾಯೋದು? ಮುಂದಿನ ವಾರ ಸವಣೂರಿಗೆ ಹೋಗಿ ಕನ್ಯಾ ನೋಡಿ ಬರೂಣು" ಎಂದ. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಸವರಿದೆ. ಅದು ಬಾಲದಿಂದ ಮುಖಕ್ಕೊಂದು ಕೊಟ್ಟಿತು.

ಮುಂದಿನ ಸೋಮವಾರ ಶಾಲೆಗೆ ರಜೆ ಹಾಕಿ, ಮನೆಯಲ್ಲಿ ಹಾನಗಲ್ಲಿನಿಂದ ಪುಸ್ತಕ ತರಬೇಕೆಂದು ಸುಳ್ಳು ಹೇಳಿ, ಅಲ್ಲಿಗೆ ಹೋದೆ. ಕೆಲಸಕ್ಕೆಂದು ಆಡೂರಿನ ಬಸ್ಸಿನಿಂದ ಅವಳು ಇಳಿದೇ ಇಳಿಯುತ್ತಾಳೆ, ಎದುರಿಗೆ ಸಿಕ್ಕಂತೆ ಮಾಡಿ ಇದ್ದದ್ದನ್ನು ಹೇಳಿಬಿಡುವುದೆಂದು ನಿರ್ಧಾರ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ಆ ಹಳೆಯ ಫ್ರಾನ್ಸಿನವರ ಅರ್ಥದಲ್ಲಿಯೇ, ಬರುವ ಹಾದಿಯಲ್ಲಿ ಹೊಂಚು ಹಾಕಿದೆ. ಬಸ್ಸುಗಳು ಬಂದವು, ಹೋದವು. ಚಹಾದಂಗಡಿಯವನಿಗೆ ನನ್ನ ಮೇಲೆ ಕರುಣೆ ಬಂತು.

"ಯಾವ್ ಬಸ್ ಬೇಕ್ರಿ ಸಾಹೇಬ್ರ?"

"ಆಡೂರದ್ದು."

"ಈಗ ಹೋತಲ್ರಿ! ಅದಕ್ಕಿಂತ ಮದ್ಲೂ ಹೋತು. ಹತ್ತಲಿಲ್ಲಲ್ಲ?"

"ಇಳಿಯೋರನ್ನ ನೋಡಬೇಕಾಗೈತಿ."

"ಹಾಂ" ಎಂದು ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ವಸೂಲಿ ಮಾಡೋರೇನ್ರಿ?" ಎಂದ. ಅಲ್ಲವೆಂದೆ. ಮಿರ್ಚಿ ಕೊಟ್ಟ. ಹೊತ್ತು ಇಳಿಯುವವರೆಗೆ ಕುಳಿತು, ಮಿರ್ಚಿಯ ಉರಿಯನ್ನೂ ಮನಸ್ಸಿನ ಉರಿಯನ್ನೂ ಹೊತ್ತುಕೊಂಡು ಊರಿಗೆ ಬಂದೆ. ಅಷ್ಟು ದುಃಖ ನನಗೆ ಎಂದೂ ಆಗಿರಲಿಲ್ಲ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ದನಗಳೆಲ್ಲ ಮನೆಯಲ್ಲೇ ಸಿಗುತ್ತವೆ ಎಂದು ಲಸಿಕೆ ಹಾಕುವವರು ಅಂದೇ ಬರುತ್ತಾರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಹಾನಗಲ್ಲಿನ ಬೆಂಚಿನ ಮೇಲೆ ಕುಳಿತಾಗ ಮಾತ್ರ ಹೊಳೆಯಲಿಲ್ಲ.

ಬಾಗಿಲಲ್ಲೇ ಅವ್ವ ನಿಂತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ದಿ? ಪುಸ್ತಕ ಎಲ್ಲಿ?" ಎಂದಳು. ಉತ್ತರಕ್ಕೂ ಕಾಯದೆ, "ಆಕಿ ಬಂದಿದ್ಲು" ಎಂದಳು.

"ಯಾಕಿ?"

"ಯಾಕಿ ಅಂತ ಕೇಳತಾನ! ಆಡೂರಾಕಿ. ಲಸಿಕಿ ಹಾಕಾಕ ಮಂದಿ ಸಾಲವಲ್ರು ಅಂತ ಹಾನಗಲ್ಲಿನವರನ್ನೂ ಈ ಕಡೆ ಕಳಿಸ್ಯಾರಂತ. ಚಿಕ್ಕೇರೂರಿಗೆ ಯಾರ್ ಹೋಗ್ತೀರಿ ಅಂದಾಗ ತಾನ ಕೈ ಎತ್ತಿದ್ಲಂತ. ತಾನ ಹೇಳಿದ್ಲಪಾ, ನಾಚಿಕಿ ಗೀಚಿಕಿ ಏನಿಲ್ಲ."

ನಾನು ಅಲ್ಲೇ ಹೊಸ್ತಿಲಲ್ಲಿ ಕುಳಿತೆ. ಹೊಸ್ತಿಲ ಮೇಲೆ ಕೂಡಬಾರದೆಂದು ದಿನಾ ಬೈಯುವ ಅವ್ವ ಅಂದು ತಾನೂ ಪಕ್ಕದಲ್ಲಿ ಕುಳಿತು ಹೇಳಿದಳು. ಅಪ್ಪ ಎಮ್ಮೆಯ ಹಗ್ಗ ಹಿಡಿದಿದ್ದನಂತೆ. ಹುಡುಗಿ ಸೂಜಿ ಎತ್ತಿ, "ಗಟ್ಟಿ ಹಿಡೀರಿ ಮಾವಾರ" ಎಂದಳಂತೆ. ಮಾವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಅಪ್ಪನ ಕೈ ಸಡಿಲಾಗಿ, ಎಮ್ಮೆ ಅವನ ಕಾಲು ತುಳಿಯಿತಂತೆ.

"ಆಮ್ಯಾಲ ಕೈ ತೊಳಿಯಾಕ ನೀರ್ ಕೇಳಿ ಒಳಗ ಬಂದ್ಲು. ಪಡಸಾಲಿ ನೋಡಿದ್ಲು, ದೇವರ ಮನಿ ನೋಡಿದ್ಲು, ಹಿತ್ತಲಕ್ಕ ಹೋಗಿ ಬಾವಿ ಬಗ್ಗಿ ನೋಡಿದ್ಲು. ಚಹಾ ಕುಡಿದು, 'ಅತ್ತಿಯಾರ, ನಮ್ಮಪ್ಪ ನೀವ್ ಕರೀಲಿ ಅಂತ ಕಾಯಾಕತ್ತಾನ. ನೀವು ನಮ್ಮಪ್ಪ ಬರ್ಲಿ ಅಂತ ಕಾಯಾಕತ್ತೀರಿ. ಕಾಯೋರು ಕಾಯ್ರಿ. ಮನಿ ನಾ ನೋಡೇನಿ, ನನಗ ಸೇರೈತಿ' ಅಂದ್ಲು."

"ನನ್ನ ಕೇಳಲಿಲ್ಲೇನು?"

"ಕೇಳಿದ್ಲು. ಪುಸ್ತಕ ತರಾಕ ಹಾನಗಲ್ಲಿಗೆ ಹೋಗ್ಯಾನ ಅಂದೆ. 'ಹಾನಗಲ್ಲಾಗ ಸಿಗೋ ಪುಸ್ತಕ ಹಿರೇಕೆರೂರಾಗೂ ಸಿಗತಾವಲ್ರಿ' ಅಂತ ನಕ್ಕಳು."

ನಕ್ಕಳು! ಆ ತಡೆದುಕೊಂಡಿದ್ದ ನಗೆ ನಾನಿಲ್ಲದಾಗ ನಮ್ಮ ಪಡಸಾಲೆಯಲ್ಲಿ ಬಿದ್ದುಹೋಗಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ.

"ಇನ್ನೊಂದ್ ಮಾತಂದ್ಲು" ಎಂದಳು ಅವ್ವ. ದನಿ ಸಣ್ಣದಾಯಿತು. "ಹೋಗಾಕಂತ ಎದ್ದು, ನಿಮ್ಮಪ್ಪನ ಮುಂದ ನಿಂತು, 'ಮಾವಾರ, ಎಮ್ಮಿ ಕಟ್ಟೋ ಕಡೆ ಕಿಡಕಿ ಇಟ್ಟೀರಿ, ಭಾಳ ಚೊಲೋ ಮಾಡೀರಿ. ಅಡಗಿಮನ್ಯಾಗ ಯಾಕಿಲ್ಲ? ಅತ್ತಿಯಾರ ಕಣ್ಣು ಹೆಂಗ ಕೆಂಪಾಗ್ಯಾವ, ನೋಡೀರೇನು?' ಅಂದ್ಲು."

"ಅಪ್ಪ ಏನಂದ?"

"ಏನಂತಾರ? ಕೆಮ್ಮಿದ್ರು."

ನಾನು ಅವ್ವನ ಕಣ್ಣು ನೋಡಿದೆ. ಕೆಂಪಾಗಿದ್ದವು. ಗ್ಯಾಸ್ ಬಂದು ಎಷ್ಟೋ ವರ್ಷಗಳಾಗಿವೆ, ಆದರೆ ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು, ಇಲ್ಲದಿದ್ದರೆ ಅಪ್ಪನಿಗೆ ರುಚಿ ಹತ್ತುವುದಿಲ್ಲ. ನನಗೂ ಹತ್ತುವುದಿಲ್ಲ. ಅವಳ ಕಣ್ಣಿನ ಬಣ್ಣವೇ ಅದು ಎಂದು ನಾನು ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಅಪ್ಪನ ದನಿಗೆ ಎಚ್ಚರಾಯಿತು. ಫೋನಿನಲ್ಲಿ ಆಡೂರಿನವರೊಡನೆ ಮಾತಾಡುತ್ತಿದ್ದ. "ಮನಿ ನೋಡಾಕ ಬರ್ರಿ... ಹೂಂನ್ರಿ, ಎಲ್ಲಾರೂ ಬರ್ರಿ... ಅಲ್ರಿ, ಇವತ್ತ ಬ್ಯಾಡ್ರಿ. ಸ್ವಲ್ಪ ಮನೀ ಕೆಲಸ ತಗದೇನಿ. ಒಂದ್ ನಾಕ್ ದಿನಾ ವೇಟ್ ಮಾಡ್ರಿ" ಎಂದು ಇಟ್ಟ.

ಅಡುಗೆಮನೆಗೆ ಹೋಗಿ ನೋಡಿದರೆ ಗಡಿಗೆ, ಡಬ್ಬಿ ಎಲ್ಲ ಪಡಸಾಲೆಗೆ ಬಂದಿದ್ದವು. ಮೇಲಿನ ತೊಲೆ ಕುಸಿಯದಂತೆ ಅಪ್ಪ ಎರಡು ಬಡಿಗೆ ಆನಿಸಿ ನಿಲ್ಲಿಸಿದ್ದ. ಅಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು, ತುಳಿಸಿಕೊಂಡ ಕಾಲಿಗೆ ಭಾರ ಬಿಡದೆ, ಹಾರೆ ಹಿಡಿದು ಮಣ್ಣಿನ ಗೋಡೆಯ ಮುಂದೆ ನಿಂತಿದ್ದ.

"ಗ್ವಾಡಿ ಹಳೇದಾತು, ಕಿಡಕಿ ತಗದ್ರ ತೊಲಿ ಕುಂದರತೈತಿ ಅಂತಿದ್ದಿರಲ್ಲ" ಎಂದಳು ಅವ್ವ. "ನಾ ಈ ಮನಿಗೆ ಬಂದ ವರ್ಷನ ಕೇಳಿದ್ದೆ. ತಡಿ ಅಂದಿದ್ರಿ."

ಅಪ್ಪ ಹಾರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, "ಎಲ್ಲಿ ತಗೀಲಿ, ಹೇಳು" ಎಂದ.

ಅವ್ವ ಗೋಡೆಯನ್ನು ಅತ್ತಿತ್ತ ನೋಡಲಿಲ್ಲ, ಅಳೆಯಲಿಲ್ಲ, ಒಂದು ಕ್ಷಣವೂ ಯೋಚಿಸಲಿಲ್ಲ. ರೊಟ್ಟಿ ಬಡಿಯುವ ಜಾಗದಲ್ಲಿ ದಿನಾ ಕೂಡುವಂತೆ ಕುಳಿತು, ಕೈ ಚಾಚಿ, ಮಸಿ ಹಿಡಿದ ಗೋಡೆಯ ಮೇಲೆ ತನ್ನ ಮುಖಕ್ಕೆ ಸರಿಯಾಗಿ ಅಂಗೈ ಊರಿ, "ಇಲ್ಲಿ" ಎಂದಳು.

"ಕೈ ತಗಿ" ಎಂದ ಅಪ್ಪ.

ತೆಗೆದಳು. ಮಸಿಯಲ್ಲಿ ಐದೂ ಬೆರಳು ಮೂಡಿದ್ದವು. ಹಾರೆ ಎತ್ತಿದ ಅಪ್ಪ ಅದನ್ನು ನೋಡುತ್ತ ಹಾಗೇ ನಿಂತ. ಆಮೇಲೆ ಆ ಗುರುತಿಗೆ ತಾಗದಂತೆ, ಪಕ್ಕದಿಂದ ಮೊದಲ ಏಟು ಹಾಕಿದ.